ಎಡಕ್ಕೆ ಮಾತ್ರ ತಿರುಗುವ ಕಾರು

ನನ್ನ ಭಾವನಿಗೆ ತಲೆ ಸರಿಯಿಲ್ಲ ಎಂದು ನಾನಂತೂ ಹೇಳುವುದಿಲ್ಲ. ಆ ಕೆಲಸವನ್ನು ನನ್ನ ಅಕ್ಕ ಮದುವೆಯಾದಂದಿನಿಂದ ಒಬ್ಬಳೇ ಸಮರ್ಥವಾಗಿ ನಿಭಾಯಿಸುತ್ತಿದ್ದಾಳೆ! ನನ್ನದು ಬರೀ ಗೊಂದಲ.

ಈ ಸಲದ ಗೊಂದಲ ಒಂದು ಫೋನಿನಿಂದ ಶುರುವಾಯಿತು. ನಾನಿರುವುದು ದುಬೈಯ ಅಲ್ ಬರ್ಷಾದಲ್ಲಿ, ಅಕ್ಕ ಭಾವ ಅಬುಧಾಬಿಯಲ್ಲಿ.

"ಶನಿವಾರ ಅಮೆರಿಕದಿಂದ ಒಬ್ಬ ಬರ್ತಾ ಇದ್ದಾನೆ ಮಾರಾಯ. ನೀನೂ ಬರ್ಬೇಕು," ಎಂದರು ಭಾವ.

"ಯಾರು ಭಾವ?"

"ವಯಸ್ಸಾದವ. ಆದ್ರೆ ಈಗ ಎಲ್ಲ ರಿಪೇರಿ ಆಗಿ ಗಟ್ಟಿಮುಟ್ಟಾಗಿದ್ದಾನೆ. ಹಿಂದಿನಿಂದ ಯಾರಾದ್ರೂ ತಳ್ಳದಿದ್ರೆ ಹೊರಡುದಿಲ್ಲ, ಅಷ್ಟೇ."

ಪಾಪ, ಯಾವುದೋ ಮುದುಕರ ಆಪರೇಷನ್ ಆಗಿದೆ! ನನ್ನ ಹೆಂಡತಿ ಖಾರ ಕಡಿಮೆ ಹಾಕಿ ಕೋಳಿ ಸಾರು ಮಾಡಿದಳು. ನಾನು ಪಕ್ಕದ ಫ್ಲ್ಯಾಟಿನವರಿಂದ ವೀಲ್‌ಚೇರ್ ಕೇಳಿ ತಂದೆ. ಭಾವ ಹೇಳಿದ ವಿಳಾಸಕ್ಕೆ ಹೋದರೆ ಅದು ದುಬೈಯಲ್ಲೇ ಇದ್ದ ಒಂದು ಗ್ಯಾರೇಜು. ಮಧ್ಯದಲ್ಲಿ ನಾಲ್ಕು ಚಕ್ರ ಹೊತ್ತ ಒಂದು ಕೆಂಪು ಸೌತೆಕಾಯಿ! ಬಾಗಿಲಿಲ್ಲ, ಛಾವಣಿಯಿಲ್ಲ, ಲೈಟಿಲ್ಲ. ನಾನು ವೀಲ್‌ಚೇರ್ ಹಿಡಿದು ಮುದುಕರನ್ನು ಹುಡುಕುತ್ತಲೇ ಇದ್ದೆ.

"ಇವನೇ ಮಾರಾಯ!" ಎಂದು ಭಾವ ಸೌತೆಕಾಯಿಯ ಬೆನ್ನು ಸವರಿದರು. "ಮಿಡ್ಜೆಟ್ ರೇಸ್ ಕಾರು, ನಾನೇ ಕೊಂಡದ್ದು. ಒಂದು ಕಾಲದಲ್ಲಿ ಅಮೆರಿಕದ ಮಣ್ಣಿನ ಟ್ರ್ಯಾಕಿನಲ್ಲಿ ಎಂತಾ ಓಟ ಓಡಿದವ!"

"ಸ್ಟಾರ್ಟ್ ಮಾಡುವುದು ಹೇಗೆ?"

"ಸ್ಟಾರ್ಟರ್ ಇಲ್ಲ. ಪಿಕಪ್ ತಂದು ತಳ್ಳಬೇಕು."

"ಕ್ಲಚ್?"

"ಇಲ್ಲ."

"ರಸ್ತೆಗೆ ಇಳಿಸಬಹುದಾ?"

"ಮಾಫಿ, ಇಲ್ಲವೇ ಇಲ್ಲ. ಪೊಲೀಸರು ಬಿಡ್ತಾರಾ? ಇದು ದುಂಡಗಿನ ಟ್ರ್ಯಾಕಿನಲ್ಲಿ ಎಡಕ್ಕೆ ತಿರುಗ್ಲಿಕ್ಕೆ ಅಂತಲೇ ಮಾಡಿದ ಗಾಡಿ."

"ಬಲಕ್ಕೆ ಹೋಗಬೇಕಾದರೆ?"

"ಮೂರು ಸಲ ಎಡಕ್ಕೆ ತಿರುಗು ಮಾರಾಯ!"

ನನಗೆ ತಲೆ ತಿರುಗಿತು, ಯಾವ ಕಡೆಗೋ ಗೊತ್ತಿಲ್ಲ. ಏಕೆಂದರೆ ಈ ಮನುಷ್ಯನಿಗೆ ಲೈಸೆನ್ಸೇ ಇಲ್ಲ! ಡ್ರೈವಿಂಗ್ ಪರೀಕ್ಷೆಯಲ್ಲಿ ಇವರು ಎಷ್ಟು ಸಲ ಫೇಲಾದರೆಂದರೆ, ಕೊನೆಗೆ ಪರೀಕ್ಷಕನೇ "ಖಲಾಸ್" ಎಂದು ಕೈಮುಗಿದನಂತೆ. ಅಂದಿನಿಂದ ಮನೆಯ ಕಾರು ಓಡಿಸುವುದೆಲ್ಲ ಅಕ್ಕನೇ.

ಕಾರಿನ ಸಂಗತಿ ಗೊತ್ತಾದಾಗ ಅಕ್ಕ ಸಿಟ್ಟಿನಿಂದ, "ಇನ್ನು ಊಟವೂ ಅದರೊಟ್ಟಿಗೇ ಮಾಡಿ," ಎಂದಳು. ಭಾವ ಮಾರನೆಯ ವಾರ ಬುತ್ತಿ ಕಟ್ಟಿಸಿಕೊಂಡು ದುಬೈ ಬಸ್ಸು ಹತ್ತಿದರು. ಕಾರಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಉಂಡು, "ಉಪ್ಪು ಸ್ವಲ್ಪ ಜಾಸ್ತಿ ಆಯ್ತು," ಎಂದು ಅಕ್ಕನಿಗೆ ಮೆಸೇಜೂ ಕಳಿಸಿದರು! ಇಂಥವರೊಡನೆ ಜಗಳವಾದರೂ ಹೇಗೆ ಆಡುವುದು?

ಚಳಿಗಾಲದ ಒಂದು ಬೆಳಿಗ್ಗೆ ಅಬುಧಾಬಿಯ ಹೊರವಲಯದಲ್ಲಿ, ಪರಿಚಯದವರೊಬ್ಬರ ಮಣ್ಣಿನ ಮೈದಾನಕ್ಕೆ ಕಾರನ್ನು ತಂದಿಳಿಸಿದರು. ಅಕ್ಕ ಮುಖ ಊದಿಸಿಕೊಂಡೇ ಬಂದಿದ್ದಳು. ಭಾವ ಹೆಲ್ಮೆಟ್ ಕೈಗೆತ್ತಿಕೊಂಡಾಗ ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಲೈಸೆನ್ಸಿಲ್ಲದ ಈ ಪುಣ್ಯಾತ್ಮ ಎಲ್ಲಿಗೆ ಹೋಗಿ ಗುದ್ದುತ್ತಾರೋ!

ಅವರು ಹೆಲ್ಮೆಟನ್ನು ಅಕ್ಕನ ಮುಂದೆ ಹಿಡಿದರು.

"ಹತ್ತು."

"ನಾನಾ? ನಿಮಗೆ ಮರ್ಲಾ, ತಲೆ ಸರಿ ಉಂಟಾ?"

"ಪೆಡಲ್ ನಿನ್ನ ಕಾಲಿಗೆ ಸಿಗುವ ಹಾಗೆ ಮಾಡಿಸಿದ್ದೇನೆ. ಇಷ್ಟು ವರ್ಷ ನೀನು ಗಾಡಿ ಬಿಟ್ಟದ್ದೆಲ್ಲ ಬೇರೆಯವರಿಗಾಗಿ. ಮಕ್ಕಳನ್ನು ಶಾಲೆಗೆ, ನನ್ನನ್ನು ಆಫೀಸಿಗೆ, ಅಮ್ಮನನ್ನು ಆಸ್ಪತ್ರೆಗೆ. ಇದರಲ್ಲಿ ಎರಡನೇ ಸೀಟೇ ಇಲ್ಲ ನೋಡು. ಯಾರೂ ಲಿಫ್ಟ್ ಕೇಳುವ ಹಾಗಿಲ್ಲ."

ಅಕ್ಕ ಹೆಲ್ಮೆಟ್ ಕಿತ್ತುಕೊಂಡು ತಲೆಗೇರಿಸಿದಳು. ಸೀರೆ ಉಡದೆ ಚೂಡಿದಾರ್ ಹಾಕಿಕೊಂಡು ಬಂದದ್ದು ಒಳ್ಳೆಯದಾಯಿತು ಎಂದಷ್ಟೇ ಗೊಣಗಿ ಹತ್ತಿ ಕುಳಿತಳು.

ಪಿಕಪ್ ತಳ್ಳಿತು. ಕಾರು ಕೆಮ್ಮಿತು, ಗುಡುಗಿತು, ಓಡಿತು. ಮೊದಲ ಸುತ್ತು ಹೆದರಿಕೆಯದು, ಎರಡನೆಯದರಲ್ಲಿ ವೇಗ ಬಂತು. ಸಾಕೆಂದು ನಾನು ಕೈ ಎತ್ತಿದೆ. ಭಾವ ನನ್ನ ಕೈ ಹಿಡಿದು ಇಳಿಸಿದರು.

"ಕರೀಬೇಡ. ಕೇಳ್ತಾ ಉಂಟಾ? ನಗ್ತಾ ಇದ್ದಾಳೆ."

ಆ ಎಂಜಿನ್ನಿನ ಆರ್ಭಟದಲ್ಲಿ ನನಗೇನೂ ಕೇಳಲಿಲ್ಲ. ಅವರಿಗೆ ಹೇಗೆ ಕೇಳಿತೋ! ಅಷ್ಟರಲ್ಲಿ ಧೂಳೆಬ್ಬಿಸುತ್ತಾ ಅಕ್ಕ ನಮ್ಮ ಮುಂದೆಯೇ ಹಾದುಹೋದಳು. ಅವಳ ಕಣ್ಣು ನಮ್ಮ ಮೇಲಿರಲಿಲ್ಲ. ಬಾಯ್ತುಂಬ ನಗುತ್ತಿದ್ದಳು.