ಕ್ಯಾಮೆರಾಗೆ ಬೊಟ್ಟಿಟ್ಟ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಈ ಲೋಕದಲ್ಲಿ ಇಬ್ಬರನ್ನು ಕಂಡರೆ ಮಾತ್ರ ಭಯ. ಒಂದು ಸರ್ಕಾರ, ಇನ್ನೊಂದು ಚಿಕ್ಕಮ್ಮ. ತಮಾಷೆ ಏನೆಂದರೆ ಅವರು ಕೆಲಸಕ್ಕಿರುವುದೂ ಆ ಇಬ್ಬರ ಹತ್ತಿರವೇ! ಹಗಲು ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ, ಸಂಜೆಯಿಂದ ಬೆಳಿಗ್ಗೆಯವರೆಗೆ ಮನೆಯಲ್ಲಿ.

ಅವರ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಬರೆದರೆ, “ಲೇ, ನನ್ ಹೆಸ್ರು ಕೊಡಾಕೆ ನೀನ್ ಯಾವನ್ಲಾ?” ಅಂತ ಮನೆ ಬಾಗಿಲಿಗೇ ಬರುತ್ತಾರೆ. ಮಂಡ್ಯದ ಗುತ್ತಲಿನಲ್ಲಿ ಇದ್ದಾರೆ ಅನ್ನುವುದನ್ನೂ ಹೆದರಿಕೊಂಡೇ ಬರೆಯುತ್ತಿದ್ದೇನೆ. ಯಾವ ಬೀದಿ ಅಂತ ಮಾತ್ರ ಕತ್ತು ಹಿಸುಕಿದರೂ ಹೇಳುವುದಿಲ್ಲ. ಹಾಲಿನ ಬೂತಿನ ಪಕ್ಕ ಅಂದರೆ ಪರವಾಗಿಲ್ಲವೇನೋ. ಹಾಲಿನ ಬೂತು ಇಲ್ಲದ ಬೀದಿ ಮಂಡ್ಯದಲ್ಲಿ ಎಲ್ಲಿದೆ?

ಯಾರೂ ತನ್ನನ್ನು ನೋಡಬಾರದು, ಯಾರೂ ತನ್ನನ್ನು ಲೆಕ್ಕಕ್ಕೆ ಹಿಡಿಯಬಾರದು ಎನ್ನುವ ಇಂಥ ಮನುಷ್ಯನಿಗೆ ದೇವರು ಎಂಥ ಅಣ್ಣನ ಮಗನನ್ನು ಕೊಟ್ಟಿದ್ದಾನೆ ಗೊತ್ತೇ? ನನ್ನನ್ನು! ನನ್ನ ಕಸುಬು ಏನು ಗೊತ್ತೇ? ಸಿಸಿಟಿವಿ ಕ್ಯಾಮೆರಾ ಹಾಕುವುದು! ಕೋಳಿಯ ಮನೆಯಲ್ಲಿ ನರಿ ಹುಟ್ಟಿದ ಹಾಗೆ.

ನರಿ ಅಂದೆ, ಆದರೆ ಅಂಥ ಚುರುಕಿನ ನರಿಯೇನಲ್ಲ. ಹಲಗೂರಿನ ಒಂದು ದಿನಸಿ ಅಂಗಡಿಗೆ ನಾನು ಹಾಕಿದ ಮೊದಲ ಕ್ಯಾಮೆರಾ ತಲೆಕೆಳಗಾಗಿತ್ತು. ಟಿವಿಯಲ್ಲಿ ಗಿರಾಕಿಗಳೆಲ್ಲ ಬಾವಲಿಗಳ ಹಾಗೆ ಸೂರಿಗೆ ಜೋತುಬಿದ್ದು ಬೆಲ್ಲ ಕೇಳುತ್ತಿದ್ದರು. ಸರಿಮಾಡಲು ಏಣಿ ತರುತ್ತೇನೆ ಅಂತ ಹೋದವನು ವಾರ ಬಿಟ್ಟು ಹೋದರೆ, ಅಂಗಡಿಯ ಯಜಮಾನರೇ ಉಪಾಯ ಕಂಡುಕೊಂಡಿದ್ದರು. ಟಿವಿಯನ್ನೇ ತಲೆಕೆಳಗೆ ಇಟ್ಟಿದ್ದರು! “ಈಗ ಸರ್ಯಾಗದೆ ಬುಡಪ್ಪ, ನೀನ್ ಮುಟ್ಬೇಡ” ಅಂದರು. ಅದಕ್ಕಿಂತ ದೊಡ್ಡ ಅವಮಾನ ಬೇಕೆ?

ಚಿಕ್ಕಪ್ಪ ಫೋನು ಕೊಂಡ ದಿನವೇ ಚಿಕ್ಕಮ್ಮನ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ಟಿನಿಂದ ಒಂದನ್ನು ಕಿತ್ತು ಅದರ ಮುಂದಿನ ಕ್ಯಾಮೆರಾಗೆ ಅಂಟಿಸಿಬಿಟ್ಟರು. ನಡುವೆ ಹರಳಿದ್ದ ಕುಂಕುಮ ಬಣ್ಣದ ಬೊಟ್ಟು. ಫೋನು ಥೇಟ್ ಮುತ್ತೈದೆಯ ಹಾಗೆ ಕಾಣುತ್ತಿತ್ತು. “ಅದ್ರೊಳಗಿಂದ ನೋಡ್ತಾ ಇರ್ತಾರೆ ಕಣ್ಲಾ” ಅಂದರು.

“ಯಾರು ಚಿಕ್ಕಪ್ಪಾ?”

“ಯಾರಂತ ಗೊತ್ತಿದ್ದಿದ್ರೆ ಬೊಟ್ಟು ಯಾಕ್ಲಾ ಇಕ್ತಿದ್ದೆ? ನೇರ ಓಗಿ ಕೇಳ್ತಿದ್ದೆ.”

ಅಷ್ಟರಲ್ಲಿ ಅವರ ಕಚೇರಿಯಲ್ಲಿ ಫೋನಿಗೆ ಮುಖ ತೋರಿಸಿ ಹಾಜರಿ ಹಾಕುವ ಪದ್ಧತಿ ಬಂತು. ಬೆಳಿಗ್ಗೆ ಕಚೇರಿಯ ಗೇಟಿನ ಹತ್ತಿರ ನಿಂತು ಬೊಟ್ಟು ಕೀಳಬೇಕು, ಮುಖ ತೋರಿಸಬೇಕು, ಮತ್ತೆ ಬೊಟ್ಟು ಅಂಟಿಸಬೇಕು. ಆ ಒಂದು ಗಳಿಗೆ ಬೊಟ್ಟನ್ನು ಎಲ್ಲಿಡುವುದು? ಬೊಟ್ಟು ಇರಬೇಕಾದ ಜಾಗದಲ್ಲೇ! ಹಣೆಗೆ ಅಂಟಿಸಿಕೊಂಡು ಹಾಜರಿ ಹಾಕುತ್ತಿದ್ದರು. ಒಂದು ದಿನ ತೆಗೆಯುವುದನ್ನು ಮರೆತರು. ಹರಳಿನ ಬೊಟ್ಟು ಮಿನುಗಿಸಿಕೊಂಡು ಸಾಹೇಬರ ಮೀಟಿಂಗಿನಲ್ಲಿ ಮೊದಲ ಸಾಲಿನಲ್ಲೇ ಕುಳಿತಿದ್ದರು. ಎಲ್ಲರೂ ಕದ್ದು ಕದ್ದು ನೋಡಿದರು. ಸಂಜೆ ಪಕ್ಕದ ಮೇಜಿನ ಮೇಡಂ ಮಾತ್ರ ಭಕ್ತಿಯಿಂದ, “ಯಾವ ದೇವ್ರಿಗೆ ಹರಕೆ ಸಾರ್?” ಅಂತ ಕೇಳಿದರಂತೆ. ಮಾರನೆಯ ದಿನ ಬೊಟ್ಟಿಲ್ಲದ ಮುಖ ತೋರಿಸಿದರೆ ಫೋನು ‘ಮುಖ ಹೊಂದುತ್ತಿಲ್ಲ’ ಅಂದಿತು ಅಂತ ನಾನು ಊರೆಲ್ಲ ಹೇಳಿಕೊಂಡು ಬಂದೆ. ಅದು ಸುಳ್ಳು. ಆದರೆ ನಿಜವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಇನ್ನು ಫೋನಿನ ಮ್ಯಾಪಿನ ಕಥೆ. ನಮ್ಮ ಕಡೆ ಹೊರಟು ನಿಂತವರನ್ನು ‘ಎಲ್ಲಿಗೆ’ ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ವಾಪಸು ಬಂದು, ನೀರು ಕುಡಿದು, ಸ್ವಲ್ಪ ಕೂತು ಮತ್ತೆ ಹೊರಡಬೇಕು. ಹಲಗೂರಿನ ಆಚೆಯ ಒಂದು ಹಳ್ಳಿಯಲ್ಲಿ ನೆಂಟರ ಗೃಹಪ್ರವೇಶ. ಚಿಕ್ಕಪ್ಪನನ್ನು ಬೈಕಿಗೆ ಹತ್ತಿಸಿಕೊಂಡು ಮ್ಯಾಪು ತೆರೆದೆ. ಅದು ಮೊದಲು ಕೇಳಿದ್ದೇ, ‘ಎಲ್ಲಿಗೆ?’

“ಒರಟೋರ್ನ ಎಲ್ಲಿಗೆ ಅಂತ ಕೇಳ್ತದಲ್ಲಾ ಇದು! ಇದುಕ್ಕೆ ಅವ್ವ ಅಪ್ಪ ಇಲ್ವಾ?” ಅಂತ ಇಳಿದು ಒಳಗೆ ಹೋಗಿ, ಒಂದು ಚೊಂಬು ನೀರು ಕುಡಿದು, ಕೂತೆದ್ದು ಬಂದರು. ಮತ್ತೆ ತೆರೆದೆ. ಮತ್ತೆ ಕೇಳಿತು. ಮತ್ತೆ ಒಂದು ಚೊಂಬು. ಮೂರನೆಯ ಸಲ ಚಿಕ್ಕಮ್ಮನೇ ಬಾಗಿಲಿಗೆ ಬಂದು, “ಇನ್ ನೀರಿಲ್ಲ, ನಲ್ಲಿ ಬರೋದು ನಾಳೆ. ಓಗಿ ಅತ್ಲಾಗೆ!” ಅಂತ ಕಳಿಸಿದರು.

ಮ್ಯಾಪಿಲ್ಲದೆ ಹೊರಟೆವು. ಹಲಗೂರಿನ ಬಸ್ ನಿಲ್ದಾಣದ ಹತ್ತಿರ ಬೀಡಿ ಸೇದುತ್ತಾ ಕೂತಿದ್ದ ತಾತನೊಬ್ಬನನ್ನು ದಾರಿ ಕೇಳಿದೆವು. ತಾತ ದಾರಿ ಹೇಳುವ ಮೊದಲು ವಿಚಾರಣೆ ಶುರುಮಾಡಿದ. ಯಾವೂರು? ಯಾರ ಮಗ? ಏನು ಕೆಲಸ? ಸಂಬಳ ಎಷ್ಟು? ಗದ್ದೆ ಅದಾ? ಮಕ್ಕಳೆಷ್ಟು? ಚಿಕ್ಕಪ್ಪ ಒಂದೊಂದಕ್ಕೂ ಉತ್ತರ ಕೊಟ್ಟರು. ಕೇಳದೇ ಇದ್ದದ್ದನ್ನೂ ಹೇಳಿದರು, ಮೂಲವ್ಯಾಧಿಯ ವಿಷಯವನ್ನೂ ಸೇರಿಸಿ! ಬೈಕು ಹತ್ತಿದ ಮೇಲೆ ನನಗೆ ತಡೆಯಲಾಗಲಿಲ್ಲ.

“ಚಿಕ್ಕಪ್ಪಾ, ಸರ್ಕಾರಕ್ಕೂ ಹೇಳದೇ ಇರೋದನ್ನೆಲ್ಲ ಆ ತಾತಂಗೆ ಹೇಳ್ಬುಟ್ರಲ್ಲ?”

“ಅವ್ನು ಕೇಳ್ದ, ನಾನೂ ಅವ್ನ್ನ ಕೇಳ್ದೆ. ಅವ್ನ್ ಸೊಸೆ ತವರ್ಗೋಗಿ ಕುಂತವ್ಳಂತೆ, ಗೊತ್ತಾ? ಲೆಕ್ಕ ಸರಿಹೋಯ್ತು. ನಿನ್ ಪೋನ್‌ನ ನಾನ್ ಏನಾರ ಕೇಳಾಕಾಯ್ತದಾ?”

ನಾನು ಗೇರು ಬದಲಾಯಿಸಿದೆ.

ಬರುವಾಗ ಮದ್ದೂರಿನ ಮೇಲೆ ಬಂದೆವು. ಮದ್ದೂರಿಗೆ ಬಂದು ವಡೆ ತಿನ್ನದೆ ಹೋಗುವುದುಂಟೆ? ಆದರೆ ಚಿಕ್ಕಪ್ಪನಿಗೆ ಎಣ್ಣೆಯಲ್ಲಿ ಕರಿದದ್ದನ್ನು ಮುಟ್ಟಬೇಡಿ ಅಂತ ಡಾಕ್ಟರು ಹೇಳಿದ್ದರು. ಡಾಕ್ಟರಿಗಿಂತ ಜೋರಾಗಿ ಚಿಕ್ಕಮ್ಮ ಹೇಳಿದ್ದರು. ನಾನು ಫೋನಿನಲ್ಲಿ ದುಡ್ಡು ಕಟ್ಟುತ್ತೇನೆ ಅಂದೆ. “ಥೂ ದಡ್ಡ! ಅದ್ರಲ್ಲಿ ಕಟ್ಟುದ್ರೆ ಗುರುತು ಉಳೀತದೆ. ಕೈಯಾಗ್ ಕಾಸು ಕೊಟ್ಟು ತಿನ್ನೋನ್ನ ಬ್ರಹ್ಮನೂ ಇಡಿಯಾಕಿಲ್ಲ” ಅಂತ ಪಕ್ಕದ ಎಟಿಎಮ್ಮಿಗೆ ಹೋಗಿ ದುಡ್ಡು ತೆಗೆದು ತಂದರು. ಇಬ್ಬರೂ ಮನಸ್ಸಿಗೆ ತೃಪ್ತಿಯಾಗುವಷ್ಟು ತಿಂದೆವು. ಬಾಯಿ ಮುಕ್ಕಳಿಸಿದೆವು. ಅಂಗಿಯ ಮೇಲಿನ ಚೂರುಗಳನ್ನು ಒಬ್ಬರಿಗೊಬ್ಬರು ಕೊಡವಿದೆವು. ಸಾಕ್ಷಿ ನಾಶ!

ಮನೆಯ ಮೆಟ್ಟಿಲು ಹತ್ತುವ ಮೊದಲೇ ಚಿಕ್ಕಮ್ಮ, “ಮದ್ದೂರ್ನಲ್ಲಿ ದುಡ್ ತೆಗುದ್ರಂತೆ. ವಡೆ ಗರಿಗರಿಯಾಗಿತ್ತಾ?” ಅಂದರು.

ಆಗಿದ್ದು ಇಷ್ಟು. ಬ್ಯಾಂಕಿನವರಿಗೆ ತಮ್ಮ ನಂಬರು ಕೊಡಬಾರದು ಅಂತ ಚಿಕ್ಕಪ್ಪ ಯಾವತ್ತೋ ಚಿಕ್ಕಮ್ಮನ ನಂಬರು ಬರೆಸಿದ್ದರು. ಖಾತೆಯಲ್ಲಿ ಏನು ನಡೆದರೂ ಸುದ್ದಿ ನೇರ ಅಡುಗೆಮನೆಗೆ! ಚಿಕ್ಕಪ್ಪ ನನ್ನ ಕಡೆ ತಿರುಗಿ, “ನಾನು ಡೆಲ್ಲಿ ಸರ್ಕಾರ್ದ ಕಡೀಕೇ ನೋಡ್ತಾ ಕುಂತಿದ್ದೆ ಕಣ್ಲಾ” ಅಂತ ನಿಟ್ಟುಸಿರು ಬಿಟ್ಟರು.

ಇಂಥವರ ಬೀದಿಗೇ ಕ್ಯಾಮೆರಾ ಹಾಕುವ ಕಾಲ ಬಂತು. ಒಂದು ಮುಂಜಾನೆ ರಂಗೋಲಿ ಬಿಡುತ್ತಿದ್ದ ಎದುರು ಮನೆಯ ಅಜ್ಜಿಯ ಸರವನ್ನು ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋದರು. ಅಜ್ಜಿ ಬಿದ್ದು ಮೊಣಕೈ ಮುರಿದುಕೊಂಡಿತು. ಬೀದಿಯವರೆಲ್ಲ ಗಣೇಶನ ಗುಡಿಯ ಮುಂದೆ ಸೇರಿದರು. ಕ್ಯಾಮೆರಾ ಬೇಡ ಅಂತ ಚಿಕ್ಕಪ್ಪ ಗಲಾಟೆ ಮಾಡುತ್ತಾರೆ, ನನಗೆ ಸಿಗುವ ಕೆಲಸವೂ ಹೋಗುತ್ತದೆ ಅಂತ ನಾನು ಕಂಬದ ಹಿಂದೆ ನಿಂತಿದ್ದೆ. ಅವರು ಎಲ್ಲರಿಗಿಂತ ಮೊದಲು ಎದ್ದು ಖರ್ಚಿಗೆ ತಮ್ಮ ಪಾಲು ಕೊಟ್ಟರು!

“ಕ್ಯಾಮ್ರಾ ಆಕ್ಸಿ. ಅಜ್ಜಿ ಕೈ ಮುರುದದೆ, ಬ್ಯಾಡ ಅನ್ನಾಕೆ ನಾನೇನ್ ರಾಕ್ಸಸನಾ? ಆದ್ರೆ ಒಂದ್ ಮಾತು. ಕಳ್ತನ ಆದ್ರೆ, ಯಾರ್ಗಾರ ಏಟಾದ್ರೆ ಮಾತ್ರ ತೆಗ್ದು ನೋಡ್ಬೇಕು. ಯಾರ್ ಮನೆಗೆ ಯಾರ್ ಬಂದ್ರು, ಯಾರ್ ಎಷ್ಟೊತ್ತಿಗೆ ಓದ್ರು ಅಂತ ನೋಡಂಗಿಲ್ಲ.”

ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಸರಿಮಾಡಿಕೊಂಡು, “ತಪ್ಪು ಮಾಡ್ದೇ ಇರೋನಿಗೆ ಭಯ ಯಾಕಪ್ಪಾ?” ಅಂತ ಚುಚ್ಚಿದರು.

“ನಾನ್ ಸ್ನಾನ ಮಾಡೋದೂ ತಪ್ಪಲ್ಲ ಮೇಷ್ಟ್ರೇ. ಆದ್ರೂವೆ ಬಚ್ಚಲು ಬಾಗ್ಲು ಆಕ್ಕೊಂಡೇ ಮಾಡ್ತೀನಿ. ನೀವೆಂಗೆ?”

ಗುಡಿಯ ಮುಂದೆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಚಿಕ್ಕಪ್ಪನ ಮಾತೇ ನಿಯಮವಾಯಿತು, ಕ್ಯಾಮೆರಾವೂ ಬಂತು. ನೋಡುವ ಪಾಸ್‌ವರ್ಡು ಮಾತ್ರ ನನ್ನ ಫೋನಿನಲ್ಲಿ. ಬೀದಿಗೆಲ್ಲ ನಾನೇ ಸರ್ಕಾರ!

ಸರ್ಕಾರ ನಡೆಸುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಮೇಷ್ಟ್ರ ಹೆಂಡತಿ ಬಂದು, “ನಮ್ ಕಾಂಪೌಂಡಿನ ದಾಸವಾಳ ದಿನಾ ಬೆಳಿಗ್ಗೆ ಯಾರೋ ಕೀಳ್ತಾರೆ. ಕಳ್ತನ ಅಂದ್ರೆ ಕಳ್ತನವೇ. ತೋರ್ಸು” ಅಂತ ಪಟ್ಟು ಹಿಡಿದರು. ನಿಯಮದ ಪ್ರಕಾರ ಸರಿಯೇ. ಮೊದಲು ನಾನೊಬ್ಬನೇ ನೋಡಿದೆ. ಕತ್ತಲು ಹರಿಯುತ್ತಿದೆ. ಸೆರಗು ತಲೆಗೆ ಹೊದ್ದ ಹೆಂಗಸು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಕೊಂಬೆ ಬಗ್ಗಿಸುವ ಆ ನಾಜೂಕು ಎಲ್ಲೋ ನೋಡಿದ ಹಾಗಿದೆ. ಮುಖ ತಿರುಗಿತು. ನಮ್ಮವ್ವ! ನಾಲ್ಕು ಬೀದಿ ದಾಟಿ ಬಂದಿದ್ದಳು, ಮಹಾತಾಯಿ!

“ಆಂಟಿ, ರಾತ್ರಿ ಕರೆಂಟ್ ಹೋಗಿತ್ತು” ಅಂದೆ. ಅಧಿಕಾರ ಸಿಕ್ಕವನು ಮೊದಲು ಕಾಪಾಡುವುದು ತನ್ನವರನ್ನೇ ಅಂತ ಚಿಕ್ಕಪ್ಪ ಯಾವಾಗಲೂ ಅನ್ನುತ್ತಿದ್ದರು. ನಾನು ನಂಬಿರಲಿಲ್ಲ.

ಹೀಗೆ ನಗಾಡಿಕೊಂಡಿದ್ದಾಗ ಒಂದು ಸಂಜೆ ಚಿಕ್ಕಮ್ಮನ ಫೋನು ಬಂತು. “ಒಸಿ ಬಾಪ್ಪ” ಅಂದ ದನಿಯಲ್ಲಿ ನಗು ಇರಲಿಲ್ಲ.

ಚಿಕ್ಕಪ್ಪನಿಗೆ ಒಬ್ಬಳೇ ಮಗಳು, ನನ್ನ ತಂಗಿ. ಮಂಡ್ಯದಲ್ಲೇ ಕೊನೆಯ ವರ್ಷದ ಡಿಗ್ರಿ. ನಾನು ಹೋದಾಗ ಅವಳ ಕೋಣೆಯ ಬಾಗಿಲು ಹಾಕಿತ್ತು.

“ಯಾವನ್ದೋ ಬೈಕಲ್ ಬಂದು ತಿರುವ್ನಲ್ಲಿ ಇಳುದ್ಲಂತೆ. ಬೂತಿನವ್ಳು ನೋಡವ್ಳೆ. ಕೇಳುದ್ರೆ ಬಸ್ಸಲ್ಲಿ ಬಂದೆ ಅಂತಾಳೆ ಕಣಪ್ಪ, ನನ್ ಮಕ ನೋಡ್ಕೊಂಡು. ತೆಗಿ ಆ ಕ್ಯಾಮ್ರಾನ.”

ಫೋನು ತೆಗೆದೆ. ನಿಜ ಹೇಳಬೇಕೆಂದರೆ ನನಗೂ ಕುತೂಹಲವಿತ್ತು. ಅವನು ಯಾರು? ನನಗೆ ಗೊತ್ತಿರುವವನೇ? ತೆರೆಯ ಮೇಲೆ ಚಕ್ರ ತಿರುಗುತ್ತಿತ್ತು, ಇನ್ನೇನು ಬೀದಿಯ ತಿರುವು ಕಾಣಿಸಬೇಕು, ಅಷ್ಟರಲ್ಲಿ ಮಳವಳ್ಳಿಯ ಬಸ್ಸಿಳಿದು ಬಂದ ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದರು. ಚಿಕ್ಕಮ್ಮ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು.

“ಆರ್ಸ್ಲಾ ಅದನ್ನ” ಅಂದರು ಚಿಕ್ಕಪ್ಪ.

“ಏನ್ರೀ ನಿಮ್ ನ್ಯಾಯ! ನಾಳೀಕೆ ಮಗೀಗೆ ಏನಾರ ಆದ್ರೆ? ನಿಮ್ ಬೊಟ್ಟು ತಕ್ಕೊಂಡು ಏನ್ ಮಾಡ್ಲಿ?” ಚಿಕ್ಕಮ್ಮನ ಕಣ್ಣು ತುಂಬಿತ್ತು. ಪೇಪರಿನಲ್ಲಿ ದಿನಾ ಓದುವುದನ್ನೆಲ್ಲ ಆ ಕಣ್ಣು ನೋಡುತ್ತಿತ್ತು. ಅವರು ಹೇಳಿದ್ದು ಸುಳ್ಳು ಅನ್ನಲು ನನಗೆ ಧೈರ್ಯವಿರಲಿಲ್ಲ.

ಚಿಕ್ಕಪ್ಪ ಬ್ಯಾಗು ಕೆಳಗಿಟ್ಟರು. “ಏನಾರ ಆದ್ರೆ ಅವ್ಳು ಮೊದ್ಲು ನಮ್ ತಾವ್ಕೆ ಓಡ್ಬರ್ಬೇಕು ಕಣೆ. ಇವತ್ತು ನಾವು ಅವ್ಳ್ ಇಂದಿಂದೆ ಓಡುದ್ರೆ, ಅವತ್ತು ಅವ್ಳು ನಮ್ ತಾವ್ಕೆ ಬರಾಕಿಲ್ಲ.”

ನಾನು ಫೋನು ಆರಿಸಿದೆ. ಚಿಕ್ಕಮ್ಮ ಅಡುಗೆಮನೆಗೆ ಹೋದರು. ಪಾತ್ರೆಗಳು ಅವರ ಪರವಾಗಿ ಮಾತಾಡತೊಡಗಿದವು. ಚಿಕ್ಕಪ್ಪ ಜಗಲಿಯ ಮೇಲೆ ಕೂತರು, ನಾನೂ ಪಕ್ಕದಲ್ಲಿ ಕೂತೆ. ವಾತಾವರಣ ತಿಳಿಮಾಡೋಣ ಅಂತ, “ನೀವು ಬಿಡಿ ಚಿಕ್ಕಪ್ಪಾ, ನಿಮ್ಗೆ ನೋಡ್ಬೇಕು ಅಂತಾನೇ ಅನ್ಸಲ್ಲ” ಅಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಷರಟಿನ ಗುಂಡಿಯೊಂದನ್ನು ಸುಮ್ಮನೆ ತಿರುಗಿಸುತ್ತಿದ್ದರು.

“ಅನ್ಸದೇ ಏನ್ಲಾ? ನಿನ್ ಕೈಯಿಂದ ಕಿತ್ಕೊಂಡು ನೋಡ್ಬುಡ್ಬೇಕು ಅನ್ನಿಸ್ತದೆ. ಎದೆ ಒಡ್ಕೊತಾ ಅದೆ ಇಲ್ಲಿ. ಆದ್ರೆ ನಾನ್ ಇವತ್ತು ನೋಡ್ಬುಟ್ರೆ, ನಾಳೀಕೆ ಅವ್ಳು ಬಂದು ಏನ್ ಯೋಳುದ್ರೂ ನಂಗೆ ಅದು ಆಗ್ಲೇ ಗೊತ್ತಿರ್ತದೆ. ಅವ್ಳಾಗೇ ಯೋಳಾಕೆ ಏನ್ ಉಳೀತದ್ಲಾ?”

ಬೀದಿ ದೀಪ ಹತ್ತಿಕೊಂಡಿತು.

ಒಳಗೆ ಚಿಲಕ ತೆಗೆದ ಸದ್ದಾಯಿತು. ತಂಗಿ ಹೊಸ್ತಿಲ ಹತ್ತಿರ ಬಂದು ನಿಂತಳು. ಎಷ್ಟು ಕೇಳಿಸಿಕೊಂಡಿದ್ದಳೋ! ಮೂಗು ಕೆಂಪಗಾಗಿತ್ತು. ನನ್ನನ್ನು ನೋಡಿದಳು, ನಾನು ಎದ್ದು ಚಪ್ಪಲಿ ಹುಡುಕತೊಡಗಿದೆ. ಕಾಲಡಿಯಲ್ಲೇ ಇದ್ದರೂ ಸಿಗಲಿಲ್ಲ.

“ಅಪ್ಪಾ, ನಿನ್ ತಾವ ಒಂದ್ ಮಾತು ಯೋಳ್ಬೇಕು. ಬಯ್ಯಂಗಿಲ್ಲ.”

ಚಿಕ್ಕಪ್ಪ ಪಕ್ಕಕ್ಕೆ ಸರಿದು, ಜಗಲಿಯ ಧೂಳನ್ನು ಅಂಗೈಯಿಂದ ಒರೆಸಿ ಅವಳಿಗೆ ಜಾಗ ಮಾಡಿದರು.

“ಕುಂತೇ ಇವ್ನಿ ಕಣವ್ವ. ಯೋಳು.”