ದೊರೆಯ ಎದೆಗೆ ಎಟುಕದ ಬೆಲ್ಟು

ಅಶ್ವದಳದ ಕುದುರೆಗಳ ಅರ್ಹತೆಯನ್ನು ಇನ್ನು ಮುಂದೆ ಎದೆಬಡಿತದಿಂದಲೇ ನಿರ್ಧರಿಸತಕ್ಕದ್ದು ಎಂಬ ಆದೇಶ ಕಳೆದ ವರ್ಷ ಜಾರಿಗೆ ಬಂತು. ಓಡಿಸಿ ನಿಲ್ಲಿಸಿದ ಮೇಲೆ ಬಡಿತ ಬೇಗ ಇಳಿದರೆ ಕುದುರೆ ಗಟ್ಟಿ ಎಂದರ್ಥ. ಇಳಿಯದಿದ್ದರೆ ಅನರ್ಹ, ಅಂದರೆ ಹರಾಜು. ಇಲ್ಲಿ ಕುದುರೆ ಎಂದರೆ ನಾಲ್ಕು ಕಾಲಿನದು, ಸವಾರ ಎಂದರೆ ಅದರ ಬೆನ್ನ ಮೇಲೆ ಕೂರುವವನು. ಇದು ಎಲ್ಲರಿಗೂ ಗೊತ್ತಿರುವುದೇ, ಆದರೂ ಮುಂದೆ ಗೊಂದಲವಾಗಬಹುದೆಂದು ಹೇಳಿದ್ದೇನೆ.

ಬಡಿತ ಅಳೆಯುವ ಬೆಲ್ಟುಗಳು ಬಂದವು. ಅವು ಮನುಷ್ಯರ ಅಳತೆಯವು. ದೊರೆ ಎಂಬ ಕುದುರೆಗೆ ಕಟ್ಟಿ ನೋಡಿದಾಗ ಎರಡು ತುದಿಗಳ ನಡುವೆ ಒಬ್ಬ ಗುಮಾಸ್ತ ನಿಲ್ಲುವಷ್ಟು ಜಾಗ ಉಳಿಯಿತು. ವಾಪಸ್ ಕಳಿಸೋಣವೆಂದು ಪಶುವೈದ್ಯರು ಹೇಳಿದರು. ಹಾಗೆ ಮಾಡಿದರೆ ತಪ್ಪಾಗಿ ತರಿಸಿದ್ದೇವೆಂದು ಒಪ್ಪಿಕೊಂಡಂತಾಗುತ್ತದೆ ಎಂದ ಅಶ್ವದಳದ ನಿರ್ದೇಶಕರು ಒಂದು ಸ್ಪಷ್ಟೀಕರಣ ಹೊರಡಿಸಿದರು: ‘ಸವಾರಿಯಲ್ಲಿ ಕುದುರೆ ಮತ್ತು ಸವಾರ ಒಂದೇ ಘಟಕವಾಗಿರುವುದರಿಂದ, ಘಟಕದ ಯಾವ ಎದೆಗೆ ಬೆಲ್ಟು ಸರಿಹೊಂದುವುದೋ ಆ ಎದೆಗೇ ಕಟ್ಟತಕ್ಕದ್ದು.’

ದೊರೆಯ ಸವಾರ ಅದನ್ನು ಮರಿಯಾಗಿದ್ದಾಗಿನಿಂದ ಸಾಕಿದವನು. ಪರೀಕ್ಷೆಯ ದಿನ ದೊರೆ ಒಂದು ಸುತ್ತು ಓಡಿ, ನಿಂತು, ತೂಕಡಿಸಿತು. ಬೆಲ್ಟು ಕಟ್ಟಿಕೊಂಡು ಮೇಲೆ ಕೂತವನಿಗೆ ಹರಾಜಿನ ನೆನಪಾಗಿ ಎದೆ ಡವಡವ ಎನ್ನುತ್ತಲೇ ಇತ್ತು. ‘ದೊರೆ ತೀವ್ರ ಆತಂಕದಲ್ಲಿದೆ, ಬಡಿತ ಇಳಿಯುತ್ತಿಲ್ಲ’ ಎಂದು ವರದಿಯಾಯಿತು. ಒಂದೇ ಒಂದು ಮರುಪರೀಕ್ಷೆಗೆ ಅವಕಾಶ ಸಿಕ್ಕಿತು.

ತರಬೇತಿಯನ್ನು ಬಡಿತ ಇರುವ ಕಡೆಗೇ ಕೊಡಬೇಕಲ್ಲವೇ? ಸವಾರನಿಗೆ ಉದ್ದ ಹಗ್ಗ ಕಟ್ಟಿ ಮೈದಾನದಲ್ಲಿ ಓಡಿಸಿದರು. ಹುಲ್ಲು ಅವನಿಗೆ ಒಗ್ಗದ ಕಾರಣ ನೆನೆಸಿದ ಕಾಳು ಮಂಜೂರಾಯಿತು. ದೊರೆ ನೆರಳಲ್ಲಿ ನಿಂತು ನೋಡುತ್ತಿತ್ತು. ಒಂದು ರಾತ್ರಿ ಮನೆಯಲ್ಲಿ ಸವಾರನ ಹೆಂಡತಿಗೆ ತಡೆಯಲಾಗಲಿಲ್ಲ.

“ಏನ್ರೀ ಇದು, ನಿಂತ್ಕೊಂಡೇ ನಿದ್ದೆ ಮಾಡ್ತಿದೀರಲ್ಲ?”

“ಕುದುರೆ ಮಲಗಿದ್ರೆ ಡಾಕ್ಟ್ರು ಹೊಟ್ಟೆನೋವು ಅಂತ ಬರೀತಾರೆ ಕಣೇ. ದೊರೆ ಉಳೀಬೇಕಲ್ಲ.”

ಅವಳು ಅವನ ಹೆಗಲ ಮೇಲೆ ಕಂಬಳಿ ಹೊದಿಸಿ ಒಳಗೆ ಹೋದಳು.

ಮರುಪರೀಕ್ಷೆಯಲ್ಲಿ ಸವಾರ ಮೂರು ಸುತ್ತು ಓಡಿ ನಿಂತ. ಬಡಿತ ಸರ್ರನೆ ಇಳಿಯಿತು. ಪಶುವೈದ್ಯರು ಸಹಿ ಹಾಕುವ ಮುನ್ನ ಸ್ವಲ್ಪ ತಡವರಿಸಿದರು.

“ಸಾರ್, ಓಡಿದ್ದು ಸವಾರ ಅಲ್ವಾ?”

“ಬಡಿತ ಯಾರದ್ದು ಇಳೀತು?” ಎಂದರು ನಿರ್ದೇಶಕರು.

“ಸವಾರಂದು.”

“ಓಡಿದವನದ್ದೇ ಇಳಿದಿದೆ. ಮತ್ತೇನ್ರೀ ನಿಮ್ಮ ಆಕ್ಷೇಪಣೆ?”

ವೈದ್ಯರ ಮನಸ್ಸು ಹಗುರಾಯಿತು. ಸಹಿ ಬಿತ್ತು. ಹರಾಜು ರದ್ದಾಯಿತು.

ವರ್ಷದ ಅತ್ಯುತ್ತಮ ಕುದುರೆ ಎಂದು ದೊರೆಗೆ ಪದಕ ಬಂತು. ಪದಕದ ದಾರ ಅದರ ಕತ್ತಿಗೆ ಸಾಲದ್ದರಿಂದ ನಿಯಮದಂತೆ ಸವಾರನಿಗೆ ಹಾಕಿದರು. ನಿರ್ದೇಶಕರು ಅವನ ಕತ್ತು ತಟ್ಟಿ, ಅಂಗೈ ಮೇಲೆ ಒಂದು ಕ್ಯಾರೆಟ್ ಇಟ್ಟು ಮುಂದೆ ಚಾಚಿದರು. ಸವಾರ ಕೈ ಹಚ್ಚದೆ, ತುಟಿಯಿಂದಲೇ ಮೆಲ್ಲಗೆ ತೆಗೆದುಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿಯೂ ತಟ್ಟಿದಳು.

ಪಕ್ಕದಲ್ಲಿ ನಿಂತಿದ್ದ ದೊರೆ ಕ್ಯಾರೆಟ್ ಹೋದ ದಿಕ್ಕನ್ನೇ ನೋಡಿತು. ಆ ಕ್ಷಣ ಅದರ ಎದೆ ಎಷ್ಟು ಹೊಡೆದುಕೊಂಡಿತೋ ತಿಳಿದುಬಂದಿಲ್ಲ. ಬೆಲ್ಟು ಸವಾರನ ಎದೆಯಲ್ಲಿತ್ತು, ಅಲ್ಲಿ ಎಲ್ಲವೂ ಸರಿಯಾಗಿತ್ತು.