ಕ್ಲಾಸ್ ಇತ್ತಾ ಮೇಡಂ?

ಕಾಲೇಜಿನಲ್ಲಿ ಹೊಸ ಕೋರ್ಸ್ ಕಟ್ಟುವವರಿಗೆ ಪಾಠಕ್ಕಿಂತ ಪೇಚಾಟವೇ ಜಾಸ್ತಿ. ಅದರಲ್ಲೂ ನನ್ನ ಹಾಗೆ ತಿಪಟೂರಿನಿಂದ ಕುಂದಾಪುರಕ್ಕೆ ಬಂದವಳಾದರೆ ಕೇಳುವುದೇ ಬೇಡ.

ನಾಲ್ಕು ಜನರೆದುರು ಧೈರ್ಯವಾಗಿ ಮಾತಾಡುವುದನ್ನು ಕಲಿಸುವ ಕೋರ್ಸ್ ನನ್ನದು. "ಒಂದು ಸೆಮಿಸ್ಟರ್ ನೋಡೋಣ. ವಿಶ್ವವಿದ್ಯಾಲಯದಿಂದ ನೋಡಲು ಬರುವವರು ಒಪ್ಪದಿದ್ದರೆ ನಿಲ್ಲಿಸೋದೇ" ಎಂದಿದ್ದರು ಪ್ರಿನ್ಸಿಪಾಲರು. ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ಮೇಷ್ಟ್ರು, "ಆಪ್ದಲ್ಲ ಹೋಪ್ದಲ್ಲ ಮಾರಾಯ್ರೆ, ಇಲ್ಲಿನ ಮಕ್ಳ್ ಬಾಯಿ ಬಿಡುದಿಲ್ಲ" ಎಂದರು. ಬಿಡಿಸಿಯೇ ತೀರುತ್ತೇನೆ ಅಂತ ನಾನೂ ಹಟ ಹಿಡಿದೆ.

ಮೊದಲ ಕ್ಲಾಸು

ಒಂದು ನರಪಿಳ್ಳೆಯೂ ಬರಲಿಲ್ಲ. ಬೆಲ್ ಹೊಡೆಯುವವರೆಗೆ ಖಾಲಿ ಬೆಂಚುಗಳನ್ನು ನೋಡುತ್ತಾ ಕೂತು, ಸಿಟ್ಟಿನಿಂದ ಹೊರಬಂದರೆ ಲ್ಯಾಬ್ ಮುಗಿಸಿಕೊಂಡು ಇಡೀ ಗುಂಪು ಎದುರಾಯಿತು.

"ಕ್ಲಾಸ್ ಇತ್ತಾ ಮೇಡಂ?"

"ಇತ್ತು!" ಎಂದು ಗದರಿ ಸ್ಟಾಫ್ ರೂಮಿಗೆ ಹೋಗಿ ಚಹಾ ಕುಡಿದೆ.

ಎಷ್ಟೋ ಹೊತ್ತಿನ ಮೇಲೆ ಅಟೆಂಡರ್ ಬಂದರು. "ಹ್ವಾಯ್ ಮೇಡಂ, ಮಕ್ಳೆಲ್ಲ ನಿಮ್ಮನ್ನ್ ಕಾಯ್ತಾ ಕೂಕಂಡಿದ್ದೊ!"

ಈ ಊರಲ್ಲಿ 'ಇತ್ತ್' ಅಂದರೆ 'ಇದೆ' ಅಂತ ನನಗೆ ಗೊತ್ತಾದದ್ದು ಆವತ್ತೇ. ಕೋಪ ಮಾಡಿಕೊಂಡೇ ಕ್ಲಾಸಿಗೆ ಕರೆಯುವ ಮೇಡಂ ಬಂದಿದ್ದಾರೆ ಎಂದು ಕಾಲೇಜಿಡೀ ಸುದ್ದಿಯಾಯಿತು.

ಕೋರ್ಸಿನ ಗುರಿ

ಗುರಿಯನ್ನು ನಾನೊಬ್ಬಳೇ ಬರೆದರೆ ಆಗದು, ಮಕ್ಕಳನ್ನೇ ಕೇಳಬೇಕು ಅಂದುಕೊಂಡೆ. ಕೆರಾಡಿಯಿಂದ ಬರುವ ಹುಡುಗಿಯೊಬ್ಬಳಿದ್ದಳು. ಹಾಜರಿ ಕೂಗಿದರೂ ಬರೀ ಕೈ ಎತ್ತುತ್ತಿದ್ದಳು. ಅವಳನ್ನೇ ಎಬ್ಬಿಸಿದೆ.

"ಈ ಕೋರ್ಸ್ ಮುಗಿದ ಮೇಲೆ ನಿನಗೆ ಏನು ಇರಬೇಕು?"

ಧೈರ್ಯ ಅನ್ನುತ್ತಾಳೇನೋ, ಆತ್ಮವಿಶ್ವಾಸ ಅನ್ನುತ್ತಾಳೇನೋ ಅಂತ ಕಾದೆ. ನೆಲ ನೋಡುತ್ತಾ ಹೇಳಿದಳು: "ಬಸ್ ಇರ್ಕ್ ಮೇಡಂ."

ನನ್ನದು ದಿನದ ಕೊನೆಯ ಪೀರಿಯಡ್ಡು. ಅದು ಮುಗಿಯುವಷ್ಟರಲ್ಲಿ ಅವರೂರಿನ ಬಸ್ಸು ಹೋಗಿರುತ್ತಿತ್ತು. ಟೈಮ್ ಟೇಬಲ್ ನೋಡಿಕೊಳ್ಳುವವರ ಜೊತೆ ಜಗಳವಾಡಿ ಕ್ಲಾಸನ್ನು ಬೆಳಿಗ್ಗೆಗೆ ತಂದೆ. ಅದೇ ಬಸ್ಸಿನ ತೊಂದರೆಯಿದ್ದ ಸಿದ್ದಾಪುರದವರೂ ಸೇರಿಕೊಂಡರು. ಎಲ್ಲರೂ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು, ಕೆರಾಡಿಯವಳನ್ನು ಬಿಟ್ಟು.

ನೋಡಲು ಬಂದವರು

ಕೊನೆಗೂ ಆ ದಿನ ಬಂತು. ನೋಡಲು ಬಂದವರು ಬಯಲುಸೀಮೆಯ ಹಿರಿಯ ಪ್ರೊಫೆಸರ್. ಅಷ್ಟು ಜನರಲ್ಲಿ ಅವರ ಬೆರಳು ಹೋಗಿ ನಿಂತದ್ದು ಕೆರಾಡಿಯ ಹುಡುಗಿಯ ಮೇಲೆಯೇ!

"ಮಾತಾಡೋಕೆ ಹೆದರಿಕೆ ಇತ್ತಾ?"

"ಇಲ್ಲೆ ಸಾರ್."

"ಇರಲಿಲ್ವಾ? ಹಾಗಾದ್ರೆ ಈ ಕೋರ್ಸ್ ಯಾಕೆ ಬೇಕಿತ್ತು?" ಎಂದು ಪ್ರಿನ್ಸಿಪಾಲರ ಕಡೆ ತಿರುಗಿದರು.

ಮುಗಿಯಿತು ಕಥೆ ಅಂದುಕೊಂಡೆ. ಅಷ್ಟರಲ್ಲಿ ಅವಳು ಬೆಂಚು ಬಿಟ್ಟು ಮುಂದೆಯೇ ಬಂದಳು.

"ಹಾಂಗಲ್ಲ ಸಾರ್, ಕಾಣಿ. ನಮ್ಮಲ್ಲಿ ಇತ್ತ್ ಅಂದ್ರೆ ಈಗ ಇಪ್ದ್. ಮೊದ್ಲಿನದ್ದಾದ್ರೆ ಇದ್ದಿತ್ ಅಂಬುದ್. ಹೆದ್ರಿಕೆ ಇದ್ದಿತ್ ಸಾರ್, ಜೋರ್ ಇದ್ದಿತ್. ಈಗ ಇಲ್ಲೆ. ಇದ್ದಿದ್ರೆ ನಿಮ್ಮತ್ರ ಹೀಂಗೆ ಮಾತಾಡ್ತಿದ್ನಾ?"

ಚಪ್ಪಾಳೆಯೋ ಚಪ್ಪಾಳೆ. ನನಗೆ ಕಣ್ಣು ತುಂಬಿ ಬಂತು. ಪ್ರೊಫೆಸರೂ ಮನಸಾರೆ ನಕ್ಕು, ಕಲಿತದ್ದನ್ನು ತೋರಿಸಲು ಎದ್ದು ನಿಂತರು. "ಸರಿಯಮ್ಮ, ಮುಂದಿನ ವರ್ಷವೂ ಈ ಕೋರ್ಸ್ ಇತ್ತು!"

ಅವಳು ಅಷ್ಟಕ್ಕೇ ಬಿಡಲಿಲ್ಲ.

"ಇತ್ತು ಅಲ್ಲ ಸಾರ್, ಇತ್ತ್. ನೀವೂ ಬೆಳಿಗ್ಗೆ ಕ್ಲಾಸಿಗೆ ಬನ್ನಿ, ಸಮ ಆತ್ತ್."